ಗಾಡಿಯೊಳಗೆ ಜಾಗವಿಲ್ಲ, ದಾರಿಯಲ್ಲಿ ನಲ್ಲಿಯಿಲ್ಲ

ಎಲ್ಲ ಸಾಮಾನೂ ಹಿಡಿಸುವಷ್ಟು ದೊಡ್ಡ ಗಾಡಿಯನ್ನು ಇದುವರೆಗೆ ಯಾರೂ ಕಟ್ಟಿಲ್ಲ. ಗಾಡಿ ದೊಡ್ಡದಾದಷ್ಟೂ ತುಂಬುವ ಆಸೆಯೂ ದೊಡ್ಡದಾಗುತ್ತದೆ. ಕುಣಿಗಲ್ ತಾಲ್ಲೂಕಿನ ನಮ್ಮ ಯಡಿಯೂರಿನ ಹೆದ್ದಾರಿ ಬದಿಯಲ್ಲಿ ನಿಂತು ಧರ್ಮಸ್ಥಳದ ಕಡೆ ಹೋಗುವ ಟೆಂಪೊ ಟ್ರಾವೆಲರ್, ಅಂದರೆ ಟಿ.ಟಿ.ಗಳನ್ನು ನೋಡಿ: ಹನ್ನೆರಡು ಜನಕ್ಕೆ ಇಪ್ಪತ್ತು ಬ್ಯಾಗು, ತಲೆಯ ಮೇಲೆ ಟಾರ್ಪಾಲು ಕಟ್ಟಿದ ಗುಡ್ಡೆ, ಕಾಲ ಕೆಳಗೆ ಸ್ಟೌ, ಮಡಿಲಲ್ಲಿ ಮಗು, ಮಗುವಿನ ಮಡಿಲಲ್ಲಿ ಚಕ್ಕುಲಿ ಡಬ್ಬ.

ನಮ್ಮದು ಹಳೆಯ ಮಾರುತಿ ಓಮ್ನಿ. ಕಂಪನಿಯವರು 2019ರಲ್ಲಿ ಅದನ್ನು ಮಾಡುವುದನ್ನೇ ನಿಲ್ಲಿಸಿದರು. ಉದ್ದ 3,370 ಮಿ.ಮೀ., ಅಂದರೆ ಹನ್ನೊಂದು ಅಡಿ. ಅಗಲ 1,410 ಮಿ.ಮೀ., ನಾಲ್ಕೂವರೆ ಅಡಿಗೆ ಒಂದಿಷ್ಟು ಜಾಸ್ತಿ. ಇದು ಹೊರಗಿನ ಅಳತೆ. ಒಳಗೆ ಮುಂದಿನ ಸೀಟುಗಳ ಕೆಳಗೆ ಎಂಜಿನ್ ಕೂತಿದೆ, ಆದ್ದರಿಂದ ‘ಸೀಟಿನ ಕೆಳಗೆ ತಳ್ಳು’ ಎನ್ನುವ ಮಾತು ಅಲ್ಲಿಗೇ ಮುಗಿಯಿತು. ನಾನು ಪ್ರಾಥಮಿಕ ಶಾಲೆಯ ಮೇಷ್ಟರಗಿರಿಯಿಂದ ನಿವೃತ್ತಳಾದವಳು. ನಮ್ಮ ಯಜಮಾನರು ಬೆಂಗಳೂರು–ಮಂಗಳೂರು ರಸ್ತೆಯಲ್ಲಿ ಲಾರಿ ಓಡಿಸಿ ಸಾಕಾದವರು. ಈಗ ಇಬ್ಬರೂ ಈ ಹನ್ನೊಂದು ಅಡಿಯಲ್ಲಿ ಮಲಗಿ, ಬೇಯಿಸಿ, ಊರೂರು ನೋಡುತ್ತೇವೆ. ಇದಕ್ಕೆ ಮೋಟಾರ್‌ಹೋಮ್ ಎಂದು ಹೆಸರಂತೆ. ನಮ್ಮ ಬೀದಿಯವರು ‘ಟೀಚರಮ್ಮನ ಗೂಡು’ ಅನ್ನುತ್ತಾರೆ.

ಸಣ್ಣ ಗಾಡಿಯಲ್ಲಿ ಸಾಮಾನು ಹೊಂದಿಸುವ ವಿದ್ಯೆ ವಿದೇಶದಿಂದ ಬಂದದ್ದೆಂದು ಭಾವಿಸಿದವರು ಒಮ್ಮೆ ಲಾರಿ ಕ್ಯಾಬಿನ್ ಹತ್ತಿ ನೋಡಬೇಕು. ನಮ್ಮ ನಾಡಿನಲ್ಲಿ ಗಾಡಿಯೊಳಗೇ ಬದುಕು ಹೂಡಿದವರು ಲಾರಿಯವರು. ಚಾಲಕನ ಹಿಂದಿನ ಹಲಗೆ ರಾತ್ರಿ ಹಾಸಿಗೆ, ಹಗಲು ಕ್ಲೀನರ್ ಹುಡುಗ ಕೂರುವ ಜಾಗ. ಗಾಜಿನ ಮೇಲಿನ ಗೂಡಿನಲ್ಲಿ ಕಾಗದಪತ್ರ, ಬೀಡಿ, ದೇವರ ಪಟ. ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಸ್ಟೌ, ಅಕ್ಕಿ, ಒಂದು ಸೌಟು. ಒಂದೇ ಸೌಟು. 2025ರ ಅಕ್ಟೋಬರ್‌ನಿಂದ ತಯಾರಾಗುವ ಹೊಸ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ, ಬಲು ಸಂತೋಷ. ಆ ಕ್ಯಾಬಿನ್ನನ್ನು ಮನೆಯೆಂದು ಗುರುತಿಸಲು ಸರ್ಕಾರಕ್ಕೆ ಇಷ್ಟು ವರ್ಷ ಹಿಡಿಯಿತು.

ಓಮ್ನಿ ತಂದ ಹೊಸದರಲ್ಲಿ ನಾನು ಮೇಲೊಂದು ಕ್ಯಾರಿಯರ್ ಹಾಕಿಸೋಣ ಅಂದೆ. ಯಜಮಾನರು ಒಪ್ಪಲಿಲ್ಲ. “ನೋಡು ಟೀಚರಮ್ಮ, ಭಾರ ಅನ್ನೋದು ಕೆಳಗಿರಬೇಕು, ಎರಡು ಗಾಲಿ ಮಧ್ಯೆ ಇರಬೇಕು. ಶಿರಾಡಿ ಘಾಟಿಯ ದೋಣಿಗಾಲ್ ತಿರುವಿನಲ್ಲಿ ಮೇಲಿನ ಗಂಟು ಒಂದು ಕಡೆ ಎಳೆದರೆ ಕೆಳಗಿನ ನಾವೂ ಅದರ ಹಿಂದೆ ಹೋಗಬೇಕಾಗುತ್ತೆ.” ಓಮ್ನಿ ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಗಾಡಿ, ಅವರ ಮಾತು ಸರಿ. ಕ್ಯಾರಿಯರ್ ಬರಲಿಲ್ಲ, ಅದರ ಮೇಲೆ ಬರಬೇಕಿದ್ದ ಸಾಮಾನೂ ಬರಲಿಲ್ಲ. ಏನೂ ಕೊರತೆಯಾಗಲಿಲ್ಲ.

ಕುಣಿಗಲ್ಲಿನ ಬಡಗಿಯೊಬ್ಬರ ಹತ್ತಿರ ಎರಡು ಪೆಟ್ಟಿಗೆ ಮಾಡಿಸಿದೆವು. ಹಿಂದಿನ ಸೀಟು ಮಡಚಿದಾಗ ಅದರ ಮಟ್ಟಕ್ಕೆ ಸರಿಯಾಗಿ ಪೆಟ್ಟಿಗೆ ಕೂರಬೇಕು, ಮೇಲೆ ಮೂರು ಹಲಗೆ, ಹಲಗೆ ಮೇಲೆ ಜಮಖಾನ ಮತ್ತು ಹತ್ತಿ ಹಾಸಿಗೆ. ಬಡಗಿ ಹದಿನೆಂಟು ಮಿಲಿಮೀಟರ್ ಪ್ಲೈವುಡ್ ಹಾಕ್ತೀನಿ, ಗಟ್ಟಿ ಅಂದರು. ಎಂಟು ಅಡಿ–ನಾಲ್ಕು ಅಡಿಯ ಅಂಥ ಒಂದು ಹಾಳೆಯೇ ಮೂವತ್ತು ಕಿಲೋ ದಾಟುತ್ತದೆ. ಪೆಟ್ಟಿಗೆಯನ್ನೇ ಹೊತ್ತು ತಿರುಗುವುದಾದರೆ ಸಾಮಾನು ಯಾಕೆ? ತೆಳು ಪ್ಲೈವುಡ್ಡಿಗೆ ಮೂಲೆಪಟ್ಟಿ ಕೊಡಿಸಿದೆವು.

ಆಮೇಲೆ ಬಾಗಿಲಿನ ಪ್ರಶ್ನೆ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಸಣ್ಣ ಗಾಡಿ ಕೆಡುವುದೇ ಇಲ್ಲಿ. ಮಂಚದ ಕೆಳಗಿನ ಪೆಟ್ಟಿಗೆಗೆ ಎಲ್ಲರೂ ಮೇಲಕ್ಕೆ ಎತ್ತುವ ಮುಚ್ಚಳ ಇಡಿಸುತ್ತಾರೆ. ಬಿ.ಪಿ. ಮಾತ್ರೆ ಒಳಗಿದೆ, ಮೇಲೆ ಗಂಡ ಮಲಗಿದ್ದಾನೆ. ಈಗ ಮಾತ್ರೆ ಬೇಕೋ ಗಂಡನ ನಿದ್ದೆ ಬೇಕೋ? ನಮ್ಮ ಪೆಟ್ಟಿಗೆಗಳು ಹಿಂದಿನ ಡಿಕ್ಕಿಯ ಕಡೆಗೆ ತೆರೆಯುತ್ತವೆ. ಒಂದರಲ್ಲಿ ಅಡುಗೆ, ಇನ್ನೊಂದರಲ್ಲಿ ಬಟ್ಟೆ. ಡಿಕ್ಕಿಯ ಬಾಗಿಲು ಮೇಲಕ್ಕೆ ಎದ್ದರೆ ತಲೆಗೆ ಸೂರೂ ಆಯಿತು, ಮಳೆಯಲ್ಲೂ ಕಾಫಿ ಕಾಯಿಸಬಹುದು. ಇನ್ನು ರಾತ್ರಿ ಬೇಕಾದದ್ದು, ಅಂದರೆ ಮಾತ್ರೆ, ಟಾರ್ಚು, ಕನ್ನಡಕ, ನೀರಿನ ಬಾಟಲಿ, ಇವು ಪೆಟ್ಟಿಗೆಗೆ ಹೋಗಲೇಕೂಡದು. ಮುಂದಿನ ಸೀಟಿನ ಬೆನ್ನಿಗೆ ಹಳೇ ಜೀನ್ಸ್ ಬಟ್ಟೆಯಲ್ಲಿ ಹೊಲಿದ ಜೇಬುಗಳ ಪರದೆ ತೂಗುಹಾಕಿದ್ದೇನೆ. ಕತ್ತಲಲ್ಲಿ ಕೈಗೇ ಗೊತ್ತು ಯಾವ ಜೇಬು ಯಾವುದೆಂದು. ದಿಂಬು ಒಯ್ಯುವುದಿಲ್ಲ. ನಾಳೆ ಉಡುವ ಸೀರೆ, ಶರಟು, ಪಂಚೆಯನ್ನು ದಿಂಬಿನ ಚೀಲಕ್ಕೆ ತುಂಬಿದರೆ ಅದೇ ದಿಂಬು.

ಯಾವ ಪೆಟ್ಟಿಗೆಯನ್ನೂ ಗಾಡಿಗೆ ಬೋಲ್ಟು ಹಾಕಿ ಬಿಗಿದಿಲ್ಲ. ಪಟ್ಟಿ ಬಿಗಿದು ಕಟ್ಟುತ್ತೇವೆ, ಬಿಚ್ಚಿ ಇಳಿಸುತ್ತೇವೆ. ಇದಕ್ಕೆ ಕಾನೂನಿನ ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ನಮಗೆ ತೋಚಿದಂತೆ ಬದಲಿಸುವ ಹಾಗಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಖಡಾಖಂಡಿತವಾಗಿ ಹೇಳಿತು. ಕಾಯಂ ಕ್ಯಾರವಾನ್ ಕಟ್ಟಿಸುವುದಾದರೆ ಎಐಎಸ್-124 ಎಂಬ ಮಾನದಂಡವಿದೆ, ಅದಕ್ಕೆ ಬೇರೆಯೇ ಖರ್ಚು, ಬೇರೆಯೇ ಅಲೆದಾಟ. ಬಿಚ್ಚಿಡುವ ಪೆಟ್ಟಿಗೆ ಹೊಸ ಸಂಗತಿಯೇನೂ ಅಲ್ಲ. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿಗೆ ಇಂಥದೇ ‘ಕ್ಯಾಂಪಿಂಗ್ ಬಾಕ್ಸ್’ ಮಾಡಿ ಮಾರಿತು: ರಜೆಗೆ ಒಳಗಿಡು, ಕೆಲಸದ ದಿನ ಇಳಿಸು. ನಮ್ಮವು ಪ್ರವಾಸವಿಲ್ಲದಾಗ ನಡುಮನೆಯಲ್ಲಿ ಬೆಂಚಾಗಿ ಕೂತಿರುತ್ತವೆ.

ಅಡುಗೆಯ ಪೆಟ್ಟಿಗೆಯ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಮುದ್ದೆ ಗಾಡಿಗೆ ಬರುವುದಿಲ್ಲ; ಅದಕ್ಕೆ ದೊಡ್ಡ ಪಾತ್ರೆ, ಹಿಟ್ಟಿನ ಕೋಲು, ಅರ್ಧ ಗಂಟೆ ಉರಿ ಬೇಕು. ಬರುವುದು ರಾಗಿ ಹುರಿಹಿಟ್ಟು, ಬೆಲ್ಲ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೊದಲೆರಡು ದಿನಕ್ಕೆ ತಂಬಿಟ್ಟು. ಹುರಿಹಿಟ್ಟಿಗೆ ಉರಿಯೇ ಬೇಡ. ಒಂದರೊಳಗೊಂದು ಕೂರುವ ಮೂರು ಪಾತ್ರೆ, ಪಾತ್ರೆಯ ಹೊಟ್ಟೆಯಲ್ಲಿ ಲೋಟ, ಲೋಟದ ಹೊಟ್ಟೆಯಲ್ಲಿ ಏಲಕ್ಕಿ. ಖಾಲಿ ಪಾತ್ರೆಯನ್ನು ಖಾಲಿಯಾಗಿಯೇ ಒಯ್ಯುವುದು ಸಣ್ಣ ಗಾಡಿಯಲ್ಲಿ ದುಂದು.

ಗ್ಯಾಸು ಮಾತ್ರ ಪೆಟ್ಟಿಗೆಯೊಳಗೆ ಬೇಡ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಮಂಚದ ಕೆಳಗಿನ ಮುಚ್ಚಿದ ಪೆಟ್ಟಿಗೆ ಅದಕ್ಕೆ ಹೇಳಿ ಮಾಡಿಸಿದ ತಗ್ಗು. 2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯಲ್ಲಿ ಕದ್ದುಮುಚ್ಚಿ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಅವರೂ ನಮ್ಮಂತೆ ದೇವರ ದರ್ಶನಕ್ಕೆ ಹೊರಟು, ದಾರಿಯಲ್ಲಿ ಬಿಸಿ ಕಾಫಿ–ತಿಂಡಿ ಇರಲೆಂದು ಬಯಸಿದವರೇ.

ಇಷ್ಟೆಲ್ಲ ಹೊಂದಿಸಿದ ಮೇಲೂ ಹೊಂದದೆ ಉಳಿಯುವುದು ನೀರು. ಅದನ್ನು ಮಡಚಲಾಗುವುದಿಲ್ಲ, ಒಂದರೊಳಗೊಂದು ಇಡಲಾಗುವುದಿಲ್ಲ. ಲೀಟರಿಗೆ ಒಂದು ಕಿಲೋ. ಕುಡಿಯಲು ಒಂದು ಕ್ಯಾನು, ತೊಳೆಯಲು ಒಂದು ಕ್ಯಾನು ಎಂದರೆ ನಲವತ್ತು ಕಿಲೋ. ತೊಳೆದ ಕೊಳೆನೀರನ್ನು ಎಲ್ಲೆಂದರಲ್ಲಿ ಚೆಲ್ಲಬಾರದೆಂದರೆ ಅದಕ್ಕೂ ಒಂದು ಕ್ಯಾನು. ಗಾಡಿಯಲ್ಲಿ ಯಾವುದು ಅತಿ ಹೆಚ್ಚು ಜಾಗ ತಿನ್ನುತ್ತದೆ ಎಂದು ಲೆಕ್ಕ ಹಾಕಿದರೆ ಅದು ಬಟ್ಟೆಯೂ ಅಲ್ಲ, ಅಕ್ಕಿಯೂ ಅಲ್ಲ. ಮುಂದಿನ ಊರಿನಲ್ಲಿ ನೀರು ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆ. ಎರಡನೇ ಕ್ಯಾನು ತುಂಬಿಸುವುದು ಆ ಅಂಜಿಕೆಯೇ. ಹೆಚ್ಚಿನ ಡಬ್ಬ, ಹೆಚ್ಚಿನ ಸೀರೆ, ಬಕೆಟ್ಟು, ಮಡಚುವ ಕಮೋಡು, ಎಲ್ಲ ಅದರ ಸಂಸಾರ.

ಹಾಗಾಗಿ ನನ್ನ ವಾದವಿಷ್ಟೆ: ಸಣ್ಣ ಗಾಡಿಯ ಕಪಾಟು ಅರ್ಧ ಗಾಡಿಯೊಳಗಿರುತ್ತದೆ, ಇನ್ನರ್ಧ ರಸ್ತೆಯ ಬದಿಯಲ್ಲಿರಬೇಕು. ಈ ಅರ್ಧವನ್ನು ಮಾಡಿಕೊಡಬೇಕಾದವರು ಬಡಗಿಯಲ್ಲ, ಸರ್ಕಾರ.

ಹಿಂದಿನವರಿಗೆ ಇದು ತಿಳಿದಿತ್ತು. ನಮ್ಮ ಸೀಮೆಯ ಹಳೇ ದಾರಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಹೊರೆಗಲ್ಲು ಕಾಣುತ್ತದೆ. ಎರಡು ಕಂಬ, ಮೇಲೊಂದು ಅಡ್ಡಚಪ್ಪಡಿ, ಎದೆಯ ಎತ್ತರ. ತಲೆಹೊರೆಯವನು ಇನ್ನೊಬ್ಬರ ಸಹಾಯವಿಲ್ಲದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಲು. ಬೇಸಿಗೆಯಲ್ಲಿ ಅರವಟ್ಟಿಗೆ, ಮೈಲಿಗಳ ಅಂತರದಲ್ಲಿ ಛತ್ರ, ಬಾವಿ. ಎತ್ತಿನ ಗಾಡಿ ಕಟ್ಟಿಕೊಂಡು ಯಡಿಯೂರಿನ ತೇರಿಗೆ ಬರುತ್ತಿದ್ದವರು ಹುಲ್ಲು ಹಾಸಿ ಅದರ ಮೇಲೆ ಕೂತು ಬಂದರು. ಬರುವಾಗ ಆಸನವಾಗಿದ್ದ ಹುಲ್ಲು ಇಲ್ಲಿ ಎತ್ತಿನ ಮೇವಾಯಿತು. ನೀರು ಹೊತ್ತು ತಂದವರಿಲ್ಲ.

ಇದಕ್ಕೆ ಇನ್ನೊಂದು ನಿದರ್ಶನ ಗುಬ್ಬಿ, ನಮ್ಮ ಪಕ್ಕದ ತಾಲ್ಲೂಕು. 1884ರಲ್ಲಿ ಹುಟ್ಟಿದ ಅಲ್ಲಿನ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದು, ಅರಮನೆ–ಕಾಡು–ಬೀದಿಗಳನ್ನು ಬಟ್ಟೆಯ ಮೇಲೆ ಬರೆಸಿ ಸುರುಳಿ ಸುತ್ತಿ ಊರೂರಿಗೆ ಒಯ್ದಿತು. ಇಡೀ ಹಸ್ತಿನಾವತಿ ಒಂದು ಸುರುಳಿ! ಆದರೆ ಕ್ಯಾಂಪು ಬಿದ್ದ ಊರಿನಲ್ಲಿ ಬಯಲು, ಬಾವಿ, ದಿನಸಿ ಇರಲೇಬೇಕಿತ್ತು. ಅವನ್ನು ಸುತ್ತುವ ಸುರುಳಿ ಇರಲಿಲ್ಲ.

ಈಗಲೂ ಊಟದ ಮಟ್ಟಿಗೆ ಯಡಿಯೂರು ಈ ಮಾತಿಗೆ ಸಾಕ್ಷಿ. ಸಿದ್ಧಲಿಂಗೇಶ್ವರರ ಸನ್ನಿಧಿಯಲ್ಲಿ ದಾಸೋಹವಿದೆ ಎಂದು ತಿಳಿದ ಕುಟುಂಬ ಆ ದಿನದ ಅಕ್ಕಿ–ಬೇಳೆ ಕಟ್ಟಿಕೊಳ್ಳುವುದಿಲ್ಲ. ಟಿ.ಟಿ.ಯ ಸ್ಟೌ ಆ ಹೊತ್ತು ಹೊರಗೇ ಬರುವುದಿಲ್ಲ. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದ ಆ ಸಿದ್ಧಲಿಂಗರ ಹೆಸರಿನಲ್ಲಿ ಬಡಿಸುವ ಒಂದು ಪಂಕ್ತಿ ಎಷ್ಟು ಗಾಡಿಗಳ ಎಷ್ಟು ಪೆಟ್ಟಿಗೆಗಳನ್ನು ಹಗುರ ಮಾಡಿದೆಯೋ! ಊಟಕ್ಕೆ ಆದದ್ದು ನೀರಿಗೆ, ಸ್ನಾನಕ್ಕೆ, ಶೌಚಕ್ಕೆ, ಒಂದು ರಾತ್ರಿ ಗಾಡಿ ನಿಲ್ಲಿಸುವುದಕ್ಕೆ ಹೆದ್ದಾರಿಯುದ್ದಕ್ಕೂ ಯಾಕೆ ಆಗಬಾರದು?

ಕ್ಯಾರವಾನ್ ಪ್ರವಾಸೋದ್ಯಮದ ಮಾತು ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಬಂದಿದೆ. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಎಂದು ಶುರು ಮಾಡಿದಾಗ ಗಾಡಿಯ ಜತೆಗೆ ಅದು ನಿಲ್ಲುವ ಪಾರ್ಕನ್ನೂ ಯೋಜನೆಯ ಅರ್ಧವೆಂದೇ ಲೆಕ್ಕ ಹಿಡಿಯಿತು. ಮರು ವರ್ಷ ವಾಗಮಣ್‌ನಲ್ಲಿ ಮೊದಲ ಪಾರ್ಕು ತೆರೆಯಿತು. ಅದು ರೆಸಾರ್ಟಿನ ದಾರಿ, ನನಗೆ ಅಷ್ಟು ರುಚಿಸುವುದಿಲ್ಲ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಸಣ್ಣ ಸಣ್ಣ ಊರುಗಳೇ ಗಾಡಿಯವರಿಗೊಂದು ಮಟ್ಟಸ ಜಾಗ, ಒಂದು ನಲ್ಲಿ, ಕೊಳೆನೀರು ಸುರಿಯಲು ಒಂದು ಗುಂಡಿ ಇಟ್ಟು ಸಣ್ಣ ಶುಲ್ಕ ಪಡೆಯುತ್ತವೆ. ಅದು ನಮ್ಮ ಪಂಚಾಯಿತಿಗೆ ಹೊಂದುವ ಲೆಕ್ಕ.

ಗಾಡಿಯಲ್ಲಿ ತಿರುಗುವುದು ಉಳ್ಳವರ ಶೋಕಿ, ಅವರಿಗೆ ನಲ್ಲಿ ಹಾಕಿಸಲು ನಮ್ಮ ತೆರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಬಚ್ಚಲು, ಹಾಸಿಗೆ, ಟಿ.ವಿ. ಇರುವ ಕೋಟಿ ರೂಪಾಯಿಯ ಬಸ್ಸಿಗೆ ನಲ್ಲಿ ಬೇಕಿಲ್ಲ ಸ್ವಾಮಿ, ಅದು ಟ್ಯಾಂಕನ್ನೇ ಹೊತ್ತಿರುತ್ತದೆ. ನಲ್ಲಿ ಬೇಕಾದದ್ದು ಟ್ಯಾಂಕು ಹಿಡಿಸದ ಗಾಡಿಗೆ: ಲಾರಿಯವನಿಗೆ, ತೆಂಗಿನಕಾಯಿ ಹೇರಿಕೊಂಡು ಹೊರಟ ಪಿಕಪ್‌ನವನಿಗೆ, ಅಯ್ಯಪ್ಪನ ಮಾಲೆ ಹಾಕಿದವರ ಟೆಂಪೊಗೆ, ಸಾಲ ಮಾಡಿ ಬಾಡಿಗೆ ಗಾಡಿಯಲ್ಲಿ ಮಗುವಿನ ಮುಡಿ ತೆಗೆಸಲು ಬಂದವರಿಗೆ. ಹೆಂಗಸರ ವಿಷಯ ಬೇರೆ ಹೇಳಬೇಕೆ? ರಾತ್ರಿ ದೀಪವಿಲ್ಲದ ಶೌಚಾಲಯಕ್ಕಿಂತ ಬಾಯಾರಿಕೆಯೇ ಮೇಲೆಂದು ಸಂಜೆಯಿಂದ ನೀರು ಕುಡಿಯದೆ ಪ್ರಯಾಣ ಮಾಡುವ ಹೆಣ್ಣುಮಕ್ಕಳು ಪ್ರತಿ ಗಾಡಿಯಲ್ಲೂ ಇದ್ದಾರೆ. ಕಟ್ಟಿಸಿದ ಶೌಚಾಲಯಗಳು ಹೆದ್ದಾರಿಗಳಲ್ಲಿ ಕಡಿಮೆಯೇನಿಲ್ಲ. ಹಲವಕ್ಕೆ ಬೀಗವೂ ಇದೆ, ಬೀಗದ ಕೈ ಯಾರ ಹತ್ತಿರ ಎಂಬುದಷ್ಟೇ ಪತ್ತೆಯಿರುವುದಿಲ್ಲ.

ಆದ್ದರಿಂದ ಪ್ರವಾಸೋದ್ಯಮ ಇಲಾಖೆಗೂ ಹೆದ್ದಾರಿಯವರಿಗೂ ಒಂದು ಕೋರಿಕೆ. ಕ್ಯಾರವಾನ್ ಕೊಳ್ಳುವವರಿಗೆ ಸಹಾಯಧನ ಕೊಡುವ ಮೊದಲು ಯಡಿಯೂರಿನಂಥ ಒಂದು ಊರನ್ನು ಆರಿಸಿಕೊಳ್ಳಿ. ಹತ್ತು ಗಾಡಿ ನಿಲ್ಲುವಷ್ಟು ಮಟ್ಟಸ ಜಾಗ, ಎರಡು ನಲ್ಲಿ, ಕೊಳೆನೀರಿಗೆ ಇಂಗುಗುಂಡಿ, ದೀಪವಿರುವ ಶೌಚಾಲಯ ಮತ್ತು ಸ್ನಾನದ ಮನೆ. ರಾತ್ರಿಗೆ ಐವತ್ತು ರೂಪಾಯಿ ಇಡಿ, ಲಾರಿಯವರಿಗೆ ಇಪ್ಪತ್ತು. ಇಡೀ ರಾತ್ರಿ ಅಲ್ಲೇ ಇರುವ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಿ, ಬೀಗದ ಕೈಯನ್ನು ಅವರಿಗೇ ಕೊಡಿ.