ಅಂತರಿಕ್ಷದಲ್ಲಿ ಹೆಸರುಕಾಳು

ಪುತ್ತೂರಿನಂಥ ಊರಿನಲ್ಲಿ ಕುಳಿತು ಅಂತರಿಕ್ಷದ ಮಾತನ್ನಾಡುವುದು ಅತಿಯಾಯಿತೆಂದು ಕೆಲವರಿಗೆ ತೋರೀತು. ನಮಗೆ ಹಾಗೆ ತೋರುವುದಿಲ್ಲ.

2025ರ ಜೂನ್-ಜುಲೈ ತಿಂಗಳುಗಳಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ, ಅವರು ಕೊಂಡೊಯ್ದ ಹಲ್ವದ ವಿಚಾರವನ್ನು ಬರೆದು ಪತ್ರಿಕೆಗಳು ದಣಿಯಲಿಲ್ಲ. ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ದಿನಕ್ಕೆ ಹದಿನಾರು ಸೂರ್ಯೋದಯಗಳನ್ನು ಕಾಣುವವರು ಏನನ್ನು ಉಣ್ಣುವರು, ಗೋಡೆಗೆ ಬಿಗಿದ ಚೀಲದಲ್ಲಿ ಹೇಗೆ ನಿದ್ರಿಸುವರು, ಎಲುಬು ಸವೆಯದಂತೆ ದಿನಕ್ಕೆರಡು ತಾಸು ಹೇಗೆ ವ್ಯಾಯಾಮ ಮಾಡುವರು ಎಂಬ ಕುತೂಹಲ ಸಹಜವೇ. ಆದರೆ ಅವರು ಅಲ್ಲಿಗೆ ಹೋದುದು ಉಣ್ಣುವುದಕ್ಕಲ್ಲವಷ್ಟೆ!

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಐ.ಐ.ಟಿ.ಯ ವಿಜ್ಞಾನಿಗಳು ಅವರೊಡನೆ ಹೆಸರುಕಾಳನ್ನೂ ಮೆಂತೆಯನ್ನೂ ಕಳುಹಿಸಿದ್ದರು. ಶುಕ್ಲಾ ವಿಮಾನಚಾಲಕರು, ಸಸ್ಯವಿಜ್ಞಾನಿಯಲ್ಲ. ಮೊಳೆತ ಕಾಳುಗಳ ಚಿತ್ರ ತೆಗೆದು, ಅವುಗಳನ್ನು ಶೀತಪೆಟ್ಟಿಗೆಯಲ್ಲಿ ಜೋಪಾನವಾಗಿರಿಸಿದುದು ಅವರ ಕೆಲಸ. ನಿಲ್ದಾಣದ ದುಡಿಮೆ ಬಹುಮಟ್ಟಿಗೆ ಇಂಥದೇ: ನೆಲದ ಮೇಲಿರುವವರ ಪ್ರಶ್ನೆಗೆ ಮೇಲಿರುವವರು ಕೈಯಾಗುವುದು.

ಪ್ರಶ್ನೆಯಾದರೋ ಹಳೆಯದು. 1806ರಲ್ಲಿ ಇಂಗ್ಲೆಂಡಿನ ಥಾಮಸ್ ನೈಟ್ ಎಂಬವನು ತನ್ನ ತೋಟದ ತೊರೆಯ ನೀರಿನಿಂದ ತಿರುಗುವ ಚಕ್ರಕ್ಕೆ ಅವರೆಜಾತಿಯ ಬೀಜಗಳನ್ನು ಕಟ್ಟಿದನು. ಚಕ್ರವು ವೇಗವಾಗಿ ತಿರುಗುತ್ತಿರಲು ಬೇರುಗಳು ಹೊರಮುಖವಾಗಿಯೂ ಚಿಗುರುಗಳು ಚಕ್ರದ ನಡುವಿನ ಕಡೆಗೂ ಬೆಳೆದುವು. ಬೇರಿಗೆ 'ಕೆಳಗು' ಯಾವುದೆಂದು ತಿಳಿಸುವುದು ಭೂಮಿಯ ಸೆಳೆತವೆಂದು ಇದರಿಂದ ಸ್ಪಷ್ಟವಾಯಿತು. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಕಣಗಳು ತಳಕ್ಕಿಳಿದು ದಿಕ್ಕು ತೋರುವುವೆಂಬುದು ಅನಂತರ ತಿಳಿದ ಸಂಗತಿ. ತೂಕವೇ ತೋರದೆಡೆಯಲ್ಲಿ ಕಣವೂ ಇಳಿಯದು, ನೀರೂ ಇಳಿಯದು. ನೀರು ಬೇರಿಗೆ ಅಂಟಿಕೊಂಡು ಉಸಿರು ಕಟ್ಟಿಸಲೂಬಹುದು. ಮುಂದೆ ತಿಂಗಳುಗಟ್ಟಲೆ ಪಯಣಿಸುವವರಿಗೆ ಹಸಿರು ಆಹಾರ ದೊರೆಯಬೇಕಾದರೆ ಇದನ್ನೆಲ್ಲ ಅರಿಯದೆ ನಿರ್ವಾಹವಿಲ್ಲ.

ನಮ್ಮ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಾದರೋ ರಟ್ಟಿನ ರಾಕೆಟ್ಟಿಗೇ ಬಹುಮಾನ! ಅದರ ಬದಲಿಗೆ ಮಕ್ಕಳು ಗಾಜಿನ ತಟ್ಟೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹೆಸರುಕಾಳನ್ನು ಮೊಳೆಯಿಸಿ, ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿ, ಮರುದಿನ ಮಗ್ಗುಲಾಗಿ ತಿರುಗಿಸಿ, ಬೇರು ಬಾಗುವುದನ್ನು ತಾಸಿಗೊಮ್ಮೆ ಅಳೆದು ಬರೆಯಲಿ. ಮೇಲೆ ಹೋದ ಕಾಳಿಗೆ ನೆಲದಲ್ಲೊಂದು ಜೊತೆಗಾಳಿಲ್ಲದಿದ್ದರೆ ಹೋಲಿಕೆಯೇ ಸಾಧ್ಯವಿಲ್ಲವೆಂಬುದನ್ನು ಅವರು ಕೈಯಾರೆ ಕಲಿತಾರು. 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ'ಗಳ ಕರ್ತೃಗಳಾದ ಶಿವರಾಮ ಕಾರಂತರು ಬಹುಕಾಲ ಬಾಳಿದ ಊರಿದು. ಬಾಲವನದಲ್ಲಿಯೇ ಇದನ್ನು ಆರಂಭಿಸಬಹುದು. ಮಕ್ಕಳ ಟಿಪ್ಪಣಿಯನ್ನು ನೋಡಿಕೊಡಲು ಇಲ್ಲಿಯ ಗೇರು ಸಂಶೋಧನಾ ನಿರ್ದೇಶನಾಲಯದವರನ್ನು ಕೇಳಿಕೊಳ್ಳಬಹುದು. ಆಟಿಯ ಮಳೆಗೆ ಕಾಳಿಗೆ ಬೂಷ್ಟು ಹಿಡಿದೀತು. ಹಿಡಿದರೆ ಅದನ್ನೂ ಬರೆದಿಡಲಿ.