‘ಹಳೇ ಬೆಲ್ಟ್ ತಗಂಡ್ ಬನ್ನಿ’ ಅನ್ನುವ ಅಂಗಡಿಯವರಿಗೆ

ಆರಿದ್ರಾ ಮಳೆ ಹಿಡಿದು ಗದ್ದೆಯಲ್ಲಿ ನೀರು ನಿಂತ ವಾರದಲ್ಲೇ ಹಳೇ ಪವರ್ ಟಿಲ್ಲರಿನ ಬೆಲ್ಟ್ ಹರಿಯುತ್ತದೆ. ಅದೇನು ಗ್ರಹಚಾರವಲ್ಲ. ವರ್ಷದಲ್ಲಿ ಆ ಯಂತ್ರಕ್ಕೆ ನಿಜವಾದ ಹೊರೆ ಬೀಳುವುದೇ ಆಗ. ಸಸಿ ಬಲಿಯುತ್ತಿದೆ, ನಾಟಿಗೆ ಆಳು ಹೇಳಿಯಾಗಿದೆ, ಟಿಲ್ಲರ್ ಕೆಸರಲ್ಲಿ ನಿಂತಿದೆ. ಪೇಟೆಯ ಅಂಗಡಿಗೆ ಫೋನ್ ಮಾಡಿದರೆ ಬರುವ ಉತ್ತರ ಸಾಗರದಲ್ಲೂ ಅದೇ, ತೀರ್ಥಹಳ್ಳಿಯಲ್ಲೂ ಅದೇ: "ಹಳೇ ಬೆಲ್ಟ್ ತಗಂಡ್ ಬನ್ನಿ ಮಾರಾಯ್ರೆ, ನೋಡಿ ಕೊಡುವ."

ನನ್ನ ಜಗಳ ಇರುವುದು ಈ ಮಾತಿನ ಮೇಲೆ.

ಹಳೇ ಬೆಲ್ಟಿಗೆ ಎಷ್ಟು ವರ್ಷ ಆಗಿದೆ? ಅದು ಎಳೆದು ಉದ್ದವಾಗಿದೆ, ಪಕ್ಕಗಳು ಸವೆದು ಸಪೂರ ಆಗಿದೆ, ಮೇಲಿದ್ದ ನಂಬರ್ ಅಳಿಸಿ ಹೋಗಿದೆ. ಹರಿದಿದ್ದರಂತೂ ಜೋಡಿಸಿ ಅಳೆಯಬೇಕು. ಸಾಲದ್ದಕ್ಕೆ ಅದೇ ಸರಿಯಾದ ಸೈಜಿನದು ಅನ್ನುವುದಕ್ಕೆ ಗ್ಯಾರಂಟಿ ಏನು? ಅದಕ್ಕೂ ಮುಂಚಿನ ಹಳೇ ಬೆಲ್ಟ್ ನೋಡಿಯೇ ಅದನ್ನು ಕೊಟ್ಟಿದ್ದು. ಒಂದು ತಪ್ಪು ಅಳತೆ ಹೀಗೆ ನಾಲ್ಕು ಬೆಲ್ಟಿನ ತನಕ ಮುಂದುವರಿದಿರುತ್ತದೆ. ಟಿಲ್ಲರ್ ಕೊಂಡ ವರ್ಷದಿಂದಲೇ "ಇದು ಬೆಲ್ಟ್ ತಿನ್ನುವ ಗಾಡಿ" ಅಂತ ಹೆಸರು ಕಟ್ಟಿ ಬಿಡುತ್ತೇವೆ.

ಈಗ ಅಂಗಡಿಯಲ್ಲಿ ಆಗುವ ಲೆಕ್ಕ ನೋಡಿ. ಬೆಲ್ಟಿನ ಮೇಲೆ ಬಿ 65 ಅಂತ ಇದ್ದರೆ ಬಿ ಅನ್ನುವುದು ದಪ್ಪದ ಗುರುತು, 65 ಅನ್ನುವುದು ಬೆಲ್ಟಿನ ಒಳ ಸುತ್ತಿನ ಉದ್ದ, ಇಂಚಿನಲ್ಲಿ. ಒಳ ಸುತ್ತು, ನೆನಪಿಡಿ. ಅಂಗಡಿಯವರು ಟೇಪ್ ಹಿಡಿಯುವುದು ಹೊರಗಿನ ಬೆನ್ನಿನ ಮೇಲೆ, ಯಾಕೆಂದರೆ ಒಳಗೆ ಟೇಪ್ ಹಿಡಿಯಲು ಬರುವುದಿಲ್ಲ. ಬಿ ಬೆಲ್ಟ್ 11 ಮಿಲಿಮೀಟರ್ ದಪ್ಪ. ಹಾಗಾಗಿ ಹೊರ ಸುತ್ತು ಒಳ ಸುತ್ತಿಗಿಂತ ಸುಮಾರು 69 ಮಿಲಿಮೀಟರ್ ಹೆಚ್ಚು, ಅಂದರೆ 2.7 ಇಂಚು. 65ರ ಬೆಲ್ಟ್ ಟೇಪಿನಲ್ಲಿ 67.7 ತೋರಿಸುತ್ತದೆ. "68 ಹಾಕಿ, ಸರಿಯಾಗ್ತದೆ" ಅನ್ನುತ್ತಾರೆ. ನೀವು ಮೂರು ಇಂಚು ಉದ್ದದ ಬೆಲ್ಟ್ ಹಿಡಿದು ಬಸ್ ಹತ್ತುತ್ತೀರಿ.

ಬೆಲ್ಟ್ ಒಂದು ಇಂಚು ಉದ್ದವಾದರೆ ಎರಡು ಪುಲ್ಲಿಗಳ ನಡುವಿನ ಅಂತರ ಅರ್ಧ ಇಂಚು ಹೆಚ್ಚಬೇಕು. ಮೂರು ಇಂಚಿಗೆ ಒಂದೂವರೆ ಇಂಚು. ಇಂಜಿನ್ ಸರಿಸುವ ಸ್ಲಾಟಿನಲ್ಲಿ ಅಷ್ಟು ಜಾಗ ಉಳಿದಿರುತ್ತದೆಯೇ? ಟೆನ್ಷನ್ ಪುಲ್ಲಿ ಇರುವ ಗಾಡಿಯಾದರೆ ಅದನ್ನು ಕೊನೆಯ ತನಕ ಒತ್ತಿದರೂ ಬೆಲ್ಟ್ ಸಡಿಲವೇ. ಕೇಜ್ ವೀಲ್ ಕೆಸರಲ್ಲಿ ಹೂತಾಗ ಇಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಎರಡನೇ ದಿನಕ್ಕೆ ಹೊಸ ಬೆಲ್ಟಿನ ಪಕ್ಕ ಗಾಜಿನ ಹಾಗೆ ಹೊಳೆಯುತ್ತದೆ. ಆಮೇಲೆ ಅದಕ್ಕೆ ಹಿಡಿತವೇ ಇಲ್ಲ. ಅಂಗಡಿಗೆ ವಾಪಸ್ ಹೋದರೆ "ಕಂಪನಿ ಮಾಲೇ ಈಗ ಹೀಗೆ" ಅನ್ನುವ ಸಮಾಧಾನ.

ದಪ್ಪದ ವಿಚಾರದಲ್ಲೂ ಇದೇ ಕತೆ. ಎ ಬೆಲ್ಟಿನ ಮೇಲ್ಭಾಗ 13 ಮಿಲಿಮೀಟರ್ ಅಗಲ, ದಪ್ಪ 8. ಬಿ ಆದರೆ 17 ಮತ್ತು 11. ಸಿ ಆದರೆ 22 ಮತ್ತು 14. ಸವೆದು ಸಪೂರವಾದ ಬಿ ಬೆಲ್ಟನ್ನು ಕಣ್ಣಳತೆಯಲ್ಲಿ ನೋಡಿ ಎ ಕೊಟ್ಟವರೂ ಇದ್ದಾರೆ. ವಿ ಬೆಲ್ಟ್ ಕೆಲಸ ಮಾಡುವುದು ಸೌದೆ ಸೀಳುವ ಬೆಣೆಯ ಹಾಗೆ. ಎರಡು ಪಕ್ಕಗಳು ಪುಲ್ಲಿಯ ಗಾಡಿಗೆ ಸಿಕ್ಕಿಕೊಂಡು ಬಿಗಿಯಾದರೆ ಮಾತ್ರ ಹಿಡಿತ. ತಳ ಎಲ್ಲೂ ತಾಗಬಾರದು. ಬಿ ಗಾಡಿಯಲ್ಲಿ ಎ ಬೆಲ್ಟ್ ಕೂತರೆ ಅದು ತಳಕ್ಕೆ ಇಳಿದು ಸುಮ್ಮನೆ ಜಾರುತ್ತದೆ. ನಿಮ್ಮ ಪುಲ್ಲಿಯ ಗಾಡಿಯ ತಳ ಫಳಫಳ ಹೊಳೆಯುತ್ತಿದ್ದರೆ ಬೆಲ್ಟ್ ಅಲ್ಲಿ ಉಜ್ಜುತ್ತಿದೆ ಎಂದೇ ಅರ್ಥ: ಒಂದೋ ಬೆಲ್ಟ್ ಸಪೂರ, ಇಲ್ಲವೇ ಪುಲ್ಲಿಯೇ ಸವೆದಿದೆ. ಗಾಡಿಯ ಗೋಡೆ ಒಳಗೆ ಬಾಗಿ ಬಟ್ಟಲಿನ ಹಾಗಾಗಿದ್ದರೆ ಎಷ್ಟು ಒಳ್ಳೆ ಬೆಲ್ಟ್ ಹಾಕಿದರೂ ತಿಂದು ಹಾಕುತ್ತದೆ. ಮೊದಲು ಪುಲ್ಲಿ ಬದಲಿಸಿ.

ಅಳೆಯಬೇಕಾದದ್ದು ಪುಲ್ಲಿಯನ್ನು. ಇಂಜಿನನ್ನು ಸ್ಲಾಟಿನ ಸಡಿಲ ತುದಿಗೆ ತಂದು, ಅಲ್ಲಿಂದ ಕಾಲು ಭಾಗದಷ್ಟು ಬಿಗಿ ಮಾಡುವ ಕಡೆಗೆ ಸರಿಸಿ ನಿಲ್ಲಿಸಿ. ಹಿಗ್ಗದ ತೆಳು ಹಗ್ಗವೋ ತಂತಿಯೋ ತೆಗೆದುಕೊಂಡು ಎರಡೂ ಪುಲ್ಲಿಗಳ ಅಂಚಿನ ಮೇಲೆ ಒಂದು ಸುತ್ತು ಬಿಗಿಯಾಗಿ ಹಾಕಿ, ಗುರುತು ಮಾಡಿ, ಬಿಚ್ಚಿ ಮಿಲಿಮೀಟರಿನಲ್ಲಿ ಅಳೆಯಿರಿ. ಸರಿಯಾದ ಬೆಲ್ಟಿನ ಬೆನ್ನು ಹೆಚ್ಚುಕಡಿಮೆ ಪುಲ್ಲಿಯ ಅಂಚಿಗೆ ಸಮ ಕೂರುವುದರಿಂದ ನಿಮಗೆ ಸಿಕ್ಕಿದ್ದು ಹೊರ ಸುತ್ತು. ಬಿ ಗಾಡಿಯಾದರೆ 69 ಕಳೆಯಿರಿ, ಎ ಆದರೆ 50. ಉಳಿದದ್ದನ್ನು 25.4ರಿಂದ ಭಾಗಿಸಿ. ಹಗ್ಗ 1720 ಬಂದರೆ 1651 ಉಳಿಯಿತು, ಭಾಗಿಸಿದರೆ 65. ಫೋನಿನ ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷದ ಕೆಲಸ. ಟೆನ್ಷನ್ ಪುಲ್ಲಿ ಇದ್ದರೆ ಹಗ್ಗ ಅದರ ದಾರಿಯಲ್ಲೇ ಹೋಗಬೇಕು, ಅದೂ ಸಡಿಲದ ಕಡೆ ನಿಂತಿರಬೇಕು. ಕೆಲವು ಬೆಲ್ಟಿನ ಮೇಲೆ ಮಿಲಿಮೀಟರ್ ಲೆಕ್ಕವೂ ಅಚ್ಚಾಗಿರುತ್ತದೆ. ಎಲ್‌ಐ ಅಂದರೆ ಒಳ ಉದ್ದ, ಎಲ್‌ಪಿ ಅಂದರೆ ನಡುಗೆರೆಯ ಉದ್ದ. ಬಿ ಬೆಲ್ಟಿಗೆ ಎರಡರ ನಡುವೆ 43 ಮಿಲಿಮೀಟರ್ ವ್ಯತ್ಯಾಸ, ಗಲಿಬಿಲಿ ಮಾಡಿಕೊಳ್ಳಬೇಡಿ.

ಇನ್ನು ನಮ್ಮವರ ಸರದಿ. ಅಂಗಡಿಯವರನ್ನೇ ಬೈದರೆ ನ್ಯಾಯವಾಗುವುದಿಲ್ಲ.

"ಮೂರರಲ್ಲಿ ಒಂದೇ ಹರಿದದ್ದು, ಒಂದೇ ಕೊಡಿ." ಈ ಮಾತು ಹೇಳುವವರು ನಾವೇ. ಹಳೇ ಎರಡು ಬೆಲ್ಟ್ ಹಿಗ್ಗಿ ಸಡಿಲವಾಗಿವೆ. ಹೊಸದು ಅವಕ್ಕಿಂತ ಗಿಡ್ಡ. ಇಡೀ ಇಂಜಿನ್ನಿನ ಎಳೆತ ಆ ಒಂದೇ ಬೆಲ್ಟಿನ ಮೇಲೆ. ಒಂದು ನೊಗಕ್ಕೆ ಒಂದು ಕಡೆ ಹೋರಿ, ಇನ್ನೊಂದು ಕಡೆ ಕರು ಕಟ್ಟಿ ಹೂಡುವವರುಂಟೇ? ಸೆಟ್ ಅಂದರೆ ಸೆಟ್. ಒಂದೇ ಕಂಪನಿಯ, ಒಂದೇ ನಂಬರಿನ, ಒಟ್ಟಿಗೆ ಬಂದ ಬೆಲ್ಟುಗಳು. ದುಡ್ಡಿಲ್ಲ ಅನ್ನುವುದು ಸುಳ್ಳಲ್ಲ, ಆದರೆ ಬೆಲ್ಟ್ ಮತ್ತೆ ಹರಿದ ದಿನ ಬಾಡಿಗೆ ಟಿಲ್ಲರಿಗೆ ಗಂಟೆ ಲೆಕ್ಕದಲ್ಲಿ ಕೊಡುವ ದುಡ್ಡು ಎಲ್ಲಿಂದ ಬರುತ್ತದೆ? ಹಳೆಯ ಒಳ್ಳೆ ಎರಡನ್ನು ಮನೆಯಲ್ಲಿಡಿ, ತುರ್ತಿಗೆ ಆಗುತ್ತವೆ.

ಜಾರುವ ಬೆಲ್ಟಿಗೆ ರಾಳದ ಪುಡಿ, ಸೋಪು, ಬೆಲ್ಲದ ನೀರು ಹಾಕುವ ಪಂಡಿತರಿದ್ದಾರೆ. ಒಂದು ಗಂಟೆ ಹಿಡಿಯುತ್ತದೆ, ಆಮೇಲೆ ಕೆಸರಿನ ಧೂಳು ಅಂಟಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಸ್ಕ್ರೂಡ್ರೈವರ್ ತೂರಿಸಿ, ಕಿಕ್ಕರಿಸಿ ಬೆಲ್ಟ್ ಏರಿಸುವವರು ಇನ್ನೊಂದು ಜಾತಿ. ಒಳಗಿನ ನೂಲು ಅಲ್ಲೇ ಕಡಿಯುತ್ತದೆ, ಹೊರಗೆ ಕಾಣುವುದಿಲ್ಲ. ಇಂಜಿನ್ ಸಡಿಲಿಸಿ, ಕೈಯಲ್ಲೇ ಹಾಕಬೇಕು. ಬಿಗಿ ಎಷ್ಟಿರಬೇಕು ಅಂದರೆ, ಎರಡು ಪುಲ್ಲಿಗಳ ನಡುವೆ ಬೆಲ್ಟ್ 50 ಸೆಂಟಿಮೀಟರ್ ಇದ್ದರೆ ಮಧ್ಯದಲ್ಲಿ ಹೆಬ್ಬೆರಳಿಂದ ಒತ್ತಿದಾಗ ಸುಮಾರು 8 ಮಿಲಿಮೀಟರ್ ತಗ್ಗಬೇಕು. ವೀಣೆ ತಂತಿಯ ಹಾಗೆ ಬಿಗಿದರೆ ಬೆಲ್ಟ್ ಉಳಿದರೂ ಬೇರಿಂಗ್ ಹೋಗುತ್ತದೆ. ಹೊಸ ಬೆಲ್ಟ್ ಮೊದಲೆರಡು ದಿನದಲ್ಲಿ ಸ್ವಲ್ಪ ಹಿಗ್ಗುತ್ತದೆ, ಇನ್ನೊಮ್ಮೆ ನೋಡಿ ಬಿಗಿ ಮಾಡಿ. ಮತ್ತೆ ಆ ಗಾರ್ಡ್! ಪದೇ ಪದೇ ಬಿಚ್ಚುವುದು ಕಷ್ಟ ಅಂತ ಕಳಚಿ ಅಟ್ಟಕ್ಕೆ ಹಾಕಿದ ಮನೆಗಳು ಎಷ್ಟಿಲ್ಲ? ತಿರುಗುವ ಬೆಲ್ಟಿಗೆ ಪಂಚೆಯ ತುದಿಯೂ ಒಂದೇ, ಬೆರಳೂ ಒಂದೇ.

ಆದರೆ ದೊಡ್ಡ ಸಿಟ್ಟು ಇರುವುದು ಇವರಿಬ್ಬರ ಮೇಲೂ ಅಲ್ಲ. ಹಳ್ಳಿಯ ಮೆಕ್ಯಾನಿಕ್ ಕಿವಿಯಿಂದ ಕೇಳಿ, ಕೈಯಿಂದ ಮುಟ್ಟಿ ಕಲಿತವನು. ಅವನ ಕೈಗೆ ಯಾರು ಪುಸ್ತಕ ಕೊಟ್ಟರು? ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಶುರುವಾದದ್ದು 2014-15ರಲ್ಲಿ. ನಮ್ಮ ರಾಜ್ಯದ ಕೃಷಿ ಯಂತ್ರಧಾರೆಯೂ ಅದೇ ವರ್ಷದ್ದು. ಟಿಲ್ಲರಿಗೆ ಸಹಾಯಧನ ಕೊಡಲು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಕೇಳುವ ವ್ಯವಸ್ಥೆ, ಮಾರುವವರ ಹತ್ತಿರ "ಕನ್ನಡದ ಕೈಪಿಡಿ ಎಲ್ಲಿ, ಬೆಲ್ಟ್ ನಂಬರ್ ಎಲ್ಲಿ ಬರೆದಿದ್ದೀರಿ" ಅಂತ ಅಷ್ಟೇ ಗಟ್ಟಿಯಾಗಿ ಯಾಕೆ ಕೇಳಬಾರದು? 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಬಳಸುವವನಿಗೆ ಹಾನಿ ಆಗದಂತೆ ಸರಿಯಾದ ಸೂಚನೆ ಕೊಡದ ತಯಾರಕನನ್ನೂ ಹೊಣೆ ಮಾಡುತ್ತದೆ. ಕಾಗದದ ಮೇಲೆ ನಮಗೆ ಹಕ್ಕಿದೆ. ಬೆಲ್ಟ್ ಗಾರ್ಡಿನ ಮೇಲೆ ಒಂದು ಸ್ಟಿಕ್ಕರ್ ಇಲ್ಲ.

ಕೇಳುತ್ತಿರುವುದು ಅಷ್ಟೇ. ಬೆಲ್ಟಿನ ಅಕ್ಷರ, ನಂಬರ್, ಎಷ್ಟು ಬೆಲ್ಟ್, ಎಷ್ಟು ತಗ್ಗಬೇಕು, ಈ ನಾಲ್ಕು ಸಾಲು ಕನ್ನಡದಲ್ಲಿ, ಮಳೆಗೆ ಅಳಿಸದ ಹಾಗೆ. ಕಂಪನಿಯ ಹತ್ತಂಕಿಯ ಪಾರ್ಟ್ ಕೋಡ್ ಒಂದನ್ನೇ ಕೊಟ್ಟರೆ ಉಪಯೋಗವಿಲ್ಲ, ಅದು ಅವರದೇ ಶೋರೂಮಿಗೆ ನಮ್ಮನ್ನು ಕಟ್ಟಿ ಹಾಕುವ ಹಗ್ಗ. ಯಂತ್ರಧಾರೆ ಕೇಂದ್ರಗಳಲ್ಲಿ ಮೇ ತಿಂಗಳೊಳಗೆ ಒಂದೊಂದು ಸೆಟ್ ತಂದಿಡಲಿ. ಮುಂದಿನ ಸಲ ರೈತ ಸಂಪರ್ಕ ಕೇಂದ್ರಕ್ಕೆ ಬೀಜಕ್ಕೋ ಔಷಧಿಗೋ ಹೋದಾಗ ಈ ಮಾತನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ, ಸೀಲ್ ಹಾಕಿಸಿಕೊಳ್ಳಿ.

ಸ್ಟಿಕ್ಕರ್ ಬರುವ ತನಕ ಕಾಯಬೇಕಾಗಿಲ್ಲ. ಬೇಸಿಗೆಯಲ್ಲಿ ಟಿಲ್ಲರ್ ಕೊಟ್ಟಿಗೆಯಲ್ಲಿ ನಿಂತಿರುವಾಗಲೇ ಹಗ್ಗ ಹಿಡಿದು ಅಳೆಯಿರಿ, ಬಂದ ನಂಬರನ್ನು ಗಾರ್ಡಿನ ಒಳಗೆ ಎನಾಮಲ್ ಪೇಂಟಿನಲ್ಲಿ ಬರೆಯಿರಿ. ಅಂಗಡಿಗೆ ಹೋದಾಗ ಹಳೇ ಬೆಲ್ಟ್ ಮನೆಯಲ್ಲೇ ಇರಲಿ. ನಂಬರ್ ಹೇಳಿ, ಬಿಲ್ಲಿನಲ್ಲಿ ಅದೇ ನಂಬರ್ ಬರೆಸಿ. ನಿಮ್ಮ ಟಿಲ್ಲರಿನ ಮಾಡೆಲ್ ಮತ್ತು ಅಳತೆಯಿಂದ ಬಂದ ನಂಬರನ್ನು ನಮಗೂ ಕಳಿಸಿ. ಊರೂರಿನ ಪಟ್ಟಿ ಮಾಡಿ ಮಳೆಗಾಲದೊಳಗೆ ಇಲ್ಲೇ ಹಾಕುತ್ತೇವೆ.