ಅಳತೆಯಿಲ್ಲದ ದುರಸ್ತಿ ನಷ್ಟದ ವ್ಯಾಪಾರ

ಕುಂದಾಪುರ ಮತ್ತು ಬೈಂದೂರುಗಳ ನಡುವೆ, ಮರವಂತೆಯಲ್ಲಿ, ರಾಷ್ಟ್ರೀಯ ಹೆದ್ದಾರಿ 66 ಒಂದು ಬದಿಗೆ ಅರಬ್ಬೀ ಸಮುದ್ರವನ್ನೂ ಇನ್ನೊಂದು ಬದಿಗೆ ಸೌಪರ್ಣಿಕಾ ನದಿಯನ್ನೂ ಇರಿಸಿಕೊಂಡು ಸಾಗುತ್ತದೆ. ಇಲ್ಲಿನ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವುದು ಕರಾವಳಿಯ ವಾಹನ ಮಾಲೀಕರಿಗೆ ಹೊಸ ಸಂಗತಿಯಲ್ಲ. ಆದರೆ ಏರ್ ಸಸ್ಪೆನ್ಷನ್ ಹೊಂದಿರುವ ಹಳೆಯ ಫೋರ್ ವೀಲ್ ಡ್ರೈವ್ ವಾಹನಗಳಿಗೆ ಉಪ್ಪಿಗಿಂತಲೂ ಗಾಳಿಯೊಳಗಿನ ತೇವವೇ ದೊಡ್ಡ ಶತ್ರು. ಈ ವಾಹನಗಳ ದುರಸ್ತಿಯಲ್ಲಿ ಮೊದಲು ಹೊರಬರಬೇಕಾದುದು ಅಳತೆಪಟ್ಟಿ. ಬಿಡಿಭಾಗದ ಪೆಟ್ಟಿಗೆಯ ಸರದಿ ಅನಂತರದ್ದು.

ರೇಂಜ್ ರೋವರ್ ವಾಹನಕ್ಕೆ 1992ರಲ್ಲಿ ಏರ್ ಸಸ್ಪೆನ್ಷನ್ ಬಂದಿತು. ಟಾಟಾ ಮೋಟಾರ್ಸ್ 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಸಂಸ್ಥೆಯನ್ನು ಕೊಂಡ ಮರುವರ್ಷ ಭಾರತದಲ್ಲಿ ಈ ವಾಹನಗಳ ಅಧಿಕೃತ ಮಾರಾಟ ಆರಂಭವಾಯಿತು. ಆಗ ನೋಂದಣಿಯಾದ ವಾಹನಗಳು ಈಗ 15 ವರ್ಷ ದಾಟಿ ಮರುನೋಂದಣಿಯ ಹಂತಕ್ಕೆ ಬಂದಿವೆ. ಕೊಳ್ಳುವ ಬೆಲೆ ಇಳಿದಿದ್ದರೂ ದುರಸ್ತಿಯ ವೆಚ್ಚ ಇಳಿದಿಲ್ಲ. ಎರಡನೆಯ ಒಡೆಯನಿಗೆ ಈ ವ್ಯತ್ಯಾಸ ಅರಿವಾಗುವುದು ವಾಹನದ ಒಂದು ಮೂಲೆ ಕುಸಿದು ನಿಂತ ದಿನ.

ವ್ಯವಸ್ಥೆಯ ತತ್ತ್ವ ಸರಳವಾದುದು. ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ, ತೇವ ಹೀರುವ ಹರಳುಗಳಿರುವ ಡ್ರೈಯರ್ ಮೂಲಕ ಟ್ಯಾಂಕಿಗೂ, ವಾಲ್ವ್ ಬ್ಲಾಕಿನ ಮೂಲಕ ರಬ್ಬರಿನ ಏರ್ ಸ್ಪ್ರಿಂಗುಗಳಿಗೂ ಕಳುಹಿಸುತ್ತದೆ. ವಾಹನ ತಗ್ಗಿದಾಗ ಒಣಗಿದ ಗಾಳಿ ಅದೇ ಡ್ರೈಯರ್ ಮೂಲಕ ಹೊರಹೋಗುತ್ತಾ ಹರಳುಗಳನ್ನು ಮತ್ತೆ ಒಣಗಿಸುತ್ತದೆ. ಎಲ್ಲಿಯಾದರೂ ಸೋರಿಕೆಯಿದ್ದರೆ ಗಾಳಿ ಹಿಂದಿರುಗಿ ಬಾರದು. ಕಂಪ್ರೆಸರ್ ಮಾತ್ರ ಮಳೆಗಾಲದ ಒದ್ದೆ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಹರಳುಗಳು ನೀರು ಕುಡಿಯುತ್ತವೆ, ವಾಲ್ವುಗಳಿಗೆ ತೇವ ಸೇರುತ್ತದೆ, ಕೊನೆಗೆ ಕಂಪ್ರೆಸರ್ ಸುಟ್ಟುಹೋಗುತ್ತದೆ. ಸೋರಿಕೆಯನ್ನು ಬಿಟ್ಟು ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಸೋರಿಕೆ ಪತ್ತೆಗೆ ಸಾಬೂನು ನೀರು ಇಂದಿಗೂ ಉತ್ತಮ ಸಾಧನ. ಆದರೆ ಒಂದು ಎಚ್ಚರ ಅಗತ್ಯ. ಕೆಲವು ಮಾದರಿಗಳಲ್ಲಿ ನಿಲ್ಲಿಸಿದ ವಾಹನದ ನಿಯಂತ್ರಕ ಆಗಾಗ ಎಚ್ಚೆತ್ತು, ಕುಸಿದ ಮೂಲೆಯ ಮಟ್ಟಕ್ಕೆ ಉಳಿದ ಮೂರನ್ನೂ ಇಳಿಸುತ್ತದೆ. ಬೆಳಿಗ್ಗೆ ನಾಲ್ಕೂ ಮೂಲೆ ಸಮನಾಗಿ ತಗ್ಗಿದ್ದನ್ನು ಕಂಡು ನಾಲ್ಕೂ ಸ್ಪ್ರಿಂಗ್ ಹಾಳಾಗಿವೆಯೆಂದು ತೀರ್ಮಾನಿಸುವುದು ದುಬಾರಿ ತಪ್ಪು. ತಯಾರಕರು ಸೂಚಿಸಿದ ಕ್ರಮದಲ್ಲಿ ನಿಯಂತ್ರಕದ ವಿದ್ಯುತ್ತನ್ನು ತಪ್ಪಿಸಿ, ಸಂಜೆ ಮತ್ತು ಬೆಳಿಗ್ಗೆ ಪ್ರತಿ ಮೂಲೆಯ ಎತ್ತರವನ್ನು ಬರೆದುಕೊಂಡರೆ ದೋಷವಿರುವ ಮೂಲೆ ತಾನಾಗಿ ತಿಳಿಯುತ್ತದೆ. ಗಾಳಿಯನ್ನಷ್ಟೇ ನಂಬಿ ವಾಹನದ ಅಡಿಗೆ ಯಾರೂ ಹೋಗಬಾರದು. ಗಟ್ಟಿ ಸ್ಟ್ಯಾಂಡುಗಳ ಆಧಾರ ಕಡ್ಡಾಯ.

ಕ್ಯಾಲಿಬ್ರೇಷನ್ ಕೊನೆಯ ಹಂತ. ಸೋರಿಕೆ ನಿಂತು, ಸವೆದ ಎತ್ತರ ಸಂವೇದಕಗಳು ಬದಲಾದ ಮೇಲಷ್ಟೇ ಅದಕ್ಕೆ ಅರ್ಥ. ಸಮತಟ್ಟಾದ ನೆಲ, ಸರಿಯಾದ ಟೈರ್ ಒತ್ತಡ, ಖಾಲಿ ವಾಹನ ಇವು ಅದರ ಪೂರ್ವಷರತ್ತುಗಳು. ಡಿಸ್ಕವರಿ 3ರಂಥ ಮಾದರಿಗಳಲ್ಲಿ ಚಕ್ರದ ಮಧ್ಯಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆಯುವುದರಿಂದ ಟೈರಿನ ಸವೆತ ಲೆಕ್ಕವನ್ನು ಕೆಡಿಸುವುದಿಲ್ಲ. ಹೀಗೆ ಪಡೆದ ಅಂಕಿಗಳನ್ನು ಡಯಾಗ್ನಸ್ಟಿಕ್ ಉಪಕರಣದ ಮೂಲಕ ನಿಯಂತ್ರಕಕ್ಕೆ ತಿಳಿಸಬೇಕು. ಇಳಿಜಾರಿನ ಅಂಗಳದಲ್ಲಿ ಮಾಡಿದ ಕ್ಯಾಲಿಬ್ರೇಷನ್ ತಪ್ಪನ್ನೇ ಕಾಯಂಗೊಳಿಸುತ್ತದೆ. ಹೆಡ್‌ಲೈಟಿನ ಬೆಳಕೂ ಎದುರಿನವರ ಕಣ್ಣಿಗೆ ಬೀಳಬಹುದು.

ಇಷ್ಟು ತೊಂದರೆ ಏಕೆ, ಕಾಯಿಲ್ ಸ್ಪ್ರಿಂಗ್ ಹಾಕಿಬಿಡೋಣ ಎಂಬ ವಾದ ನಿರಾಧಾರವಾದುದಲ್ಲ. ಬಿಡಿಭಾಗ ದೊರೆಯದ ಮಾದರಿಗಳಿಗೆ ಅದೊಂದು ದಾರಿ. ಆದರೆ ಹೇರಿಗೆ ತಕ್ಕಂತೆ ಎತ್ತರ ಕಾಯ್ದುಕೊಳ್ಳುವ ಗುಣ ಅದರೊಡನೆ ಹೋಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಾರ್ಪಾಡುಗಳನ್ನು ನಿರ್ಬಂಧಿಸುವುದರಿಂದ ಸಾರಿಗೆ ಕಛೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಏಕರೂಪವಾಗಿ ಶೇಕಡಾ 18 ಆಗಿದೆ. ಆದರೆ ಬೇಡವಾದ ಬಿಡಿಭಾಗ ಎಷ್ಟು ಅಗ್ಗವಾದರೂ ನಷ್ಟವೇ. ರಬ್ಬರ್ ಕಪಾಟಿನಲ್ಲಿಯೂ ಮುಪ್ಪಾಗುವುದರಿಂದ ವ್ಯಾಪಾರಿಗಳು ತಯಾರಿಕೆಯ ದಿನಾಂಕ ನೋಡಿ, ಬೇಡಿಕೆಯಷ್ಟನ್ನೇ ತರಿಸುವುದು ಜಾಣತನ. ಸಣ್ಣ ಗ್ಯಾರೇಜುಗಳಿಗೆ ಒಂಟಿಯಾಗಿ ಡಯಾಗ್ನಸ್ಟಿಕ್ ಉಪಕರಣ ಕೊಳ್ಳುವುದು ಹೊರೆ. ನಾಲ್ಕಾರು ಮಂದಿ ಕೂಡಿ ಒಂದು ಉಪಕರಣವನ್ನೂ ಒಂದು ಸಮತಟ್ಟಾದ ಕಟ್ಟೆಯನ್ನೂ ಹಂಚಿಕೊಂಡರೆ ದೂರದ ನಗರಗಳಿಗೆ ಹೋಗುವ ಕೆಲಸ ಕುಂದಾಪುರದಲ್ಲಿಯೇ ಉಳಿದೀತು. ದುರಸ್ತಿಗೆ ಮುಂಚಿನ ಮತ್ತು ಅನಂತರದ ನಾಲ್ಕು ಮೂಲೆಗಳ ಎತ್ತರವನ್ನು ಬಿಲ್ಲಿನಲ್ಲಿಯೇ ಬರೆದುಕೊಡುವ ಪದ್ಧತಿ ಇಂದೇ ಆರಂಭವಾಗಬಹುದು. ಅದಕ್ಕೆ ಬಂಡವಾಳ ಬೇಕಿಲ್ಲ. ಗಿರಾಕಿ ಕಣ್ಣಾರೆ ಓದಬಲ್ಲ ಆ ಎಂಟು ಅಂಕಿಗಳು ಯಾವ ಜಾಹೀರಾತಿಗಿಂತಲೂ ಹೆಚ್ಚಿನ ವಿಶ್ವಾಸವನ್ನು ಗಳಿಸುತ್ತವೆ.